ವಿದ್ಯಾರ್ಥಿಗಳ ಆತ್ಮಹತ್ಯೆ ತಡೆ: ನೇರವಾಗಿ ಕೇಳುವುದು, ಕೇಳಿದ ಮೇಲೆ ಜೊತೆಗಿರುವುದು

ವಿಶ್ವವಿದ್ಯಾಲಯಗಳಲ್ಲಿ ಮಾನಸಿಕ ಆರೋಗ್ಯ ಎಂಬ ವಿಷಯವನ್ನು ಆಪ್ತಸಮಾಲೋಚಕರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಿ ಓದುವ ರೂಢಿ ನಮ್ಮಲ್ಲಿದೆ. ಆದರೆ ಸಂಕಟದಲ್ಲಿರುವ ವಿದ್ಯಾರ್ಥಿ ಅದನ್ನು ಮೊದಲು ಹೇಳಿಕೊಳ್ಳುವುದು ಅನೇಕ ವೇಳೆ ಸಹಪಾಠಿಗೆ ಅಥವಾ ಒಂದೇ ಕೊಠಡಿಯಲ್ಲಿರುವ ಗೆಳೆಯನಿಗೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಸಿದ್ಧಾಂತಕ್ಕಿಂತ ಹೆಚ್ಚಾಗಿ, ಆ ಮಾತು ನಮ್ಮ ಕಿವಿಗೆ ಬಿದ್ದಾಗ ಏನು ಮಾಡಬೇಕೆಂಬುದನ್ನು ವಿವರಿಸಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 7,27,000 ಜನರು ಆತ್ಮಹತ್ಯೆಯಿಂದ ಮೃತಪಟ್ಟರು. 15ರಿಂದ 29 ವರ್ಷದವರ ಸಾವಿನ ಕಾರಣಗಳಲ್ಲಿ ಅದು ಮೂರನೆಯದು. ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಬದುಕಿನಲ್ಲಿ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆಗಳಲ್ಲಿ ನಾಲ್ಕನೇ ಮೂರು ಭಾಗ 24ನೇ ವಯಸ್ಸಿನೊಳಗೇ ಆರಂಭವಾಗುತ್ತವೆ ಎಂದು ತೋರಿಸಿತು. ಪದವಿಯ ವರ್ಷಗಳು ಇದೇ ಅವಧಿಯಲ್ಲಿ ಬರುತ್ತವೆ. ಮನೆಯಿಂದ ದೂರವಾಗುವುದು, ನಿದ್ದೆ ಕೆಡುವುದು, ಹಣದ ಚಿಂತೆ, ಪರೀಕ್ಷೆಯ ಫಲಿತಾಂಶ ಇವೆಲ್ಲ ಆಗಲೇ ಒಟ್ಟಾಗಿ ಎದುರಾಗುತ್ತವೆ. ಆದರೂ ಒಂದು ಸಾವನ್ನು ‘ಅಂಕ ಕಡಿಮೆ ಬಂದದ್ದರಿಂದ’ ಎಂಬ ಒಂದೇ ಕಾರಣಕ್ಕೆ ಕಟ್ಟಿಹಾಕುವುದು ತಪ್ಪು. ಹಲವು ಕಾರಣಗಳು ಬಹುಕಾಲದಿಂದ ಹೆಣೆದುಕೊಂಡಿರುತ್ತವೆ, ಹೊರಗಿನವರಿಗೆ ಕಾಣುವುದು ಕೊನೆಯ ಎಳೆ ಮಾತ್ರ.

ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿ, ನಂತರ ಸಂಗಡಿಗರೊಂದಿಗೆ ವಿಸ್ತರಿಸಿದ ಸಿದ್ಧಾಂತವನ್ನು ಇಲ್ಲಿ ನೆನಪಿಡಬೇಕು. ತನಗೆ ಯಾರೂ ಇಲ್ಲವೆಂಬ ಭಾವನೆಯೂ ತಾನು ಇತರರಿಗೆ ಹೊರೆಯಾಗಿದ್ದೇನೆಂಬ ಭಾವನೆಯೂ ಒಟ್ಟುಗೂಡಿ, ಇದು ಬದಲಾಗುವುದಿಲ್ಲವೆಂಬ ನಿರಾಶೆ ಬಲಿತಾಗ ಸಾಯುವ ಬಯಕೆ ಹುಟ್ಟುತ್ತದೆ ಎಂಬುದು ಅದರ ತಿರುಳು. ‘ನಾನಿಲ್ಲದಿದ್ದರೆ ಮನೆಯವರಿಗೆ ಹಗುರ’ ಎಂಬಂಥ ಮಾತನ್ನು ಬೇಸರದ ಮಾತೆಂದು ತೇಲಿಸಿಬಿಡಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಎಲ್ಲರಿಂದ ದೂರ ಸರಿಯುವುದು, ಬಹಳ ದಿನಗಳ ತಳಮಳದ ನಂತರ ಕಾರಣವಿಲ್ಲದೆ ಇದ್ದಕ್ಕಿದ್ದಂತೆ ಶಾಂತರಾಗುವುದು ಇವೂ ಎಚ್ಚರಿಕೆಯ ಲಕ್ಷಣಗಳು.

ಇಂಥ ಮಾತನ್ನು ಕೇಳಿದಾಗ ನೇರವಾಗಿ ಪ್ರಶ್ನಿಸಿದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ. ಓದುವ ಮೊದಲು ನನಗೂ ಇತ್ತು. ಆದರೆ ಈ ಕುರಿತು ನಡೆದ ಸಂಶೋಧನೆಗಳು, ಆತ್ಮಹತ್ಯೆಯ ಬಗ್ಗೆ ಕೇಳುವುದರಿಂದ ಆ ಯೋಚನೆ ಹೆಚ್ಚುವುದಿಲ್ಲವೆಂದೇ ತೋರಿಸಿವೆ. ಎಷ್ಟೋ ವೇಳೆ, ಒಳಗೇ ಇಟ್ಟುಕೊಂಡದ್ದನ್ನು ಹೇಳಲು ಅವಕಾಶ ಸಿಕ್ಕಿತೆಂಬ ನಿರಾಳ ಉಂಟಾಗುತ್ತದೆ. ಹೇಗೆ ಕೇಳುತ್ತೇವೆ ಎಂಬುದೂ ಮುಖ್ಯ. ‘ಅಂಥದ್ದೇನೂ ಮಾಡಿಕೊಳ್ಳಲ್ಲ ತಾನೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವನ್ನು ನಾವೇ ಬಾಯಿಗೆ ಹಾಕಿದಂತೆ. ‘ಸಾಯಬೇಕು ಅನ್ನಿಸುತ್ತಿದೆಯಾ? ಆತ್ಮಹತ್ಯೆಯ ಯೋಚನೆ ಬರುತ್ತಿದೆಯಾ?’ ಎಂದು ಮೃದುವಾಗಿ, ಅಳುಕದೆ ಕೇಳಬೇಕು. ಹೌದೆಂಬ ಉತ್ತರ ಬಂದರೆ ಬುದ್ಧಿಮಾತು ಹೇಳುವುದಾಗಲಿ, ಹೆತ್ತವರನ್ನು ನೆನಪಿಸಿ ನಾಚಿಸುವುದಾಗಲಿ ಸಲ್ಲದು. ತಾನು ಹೊರೆ ಎಂದು ನಂಬಿದವರಿಗೆ ಅದು ಇನ್ನೊಂದು ಹೊರೆ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಅಪಾಯ ಹತ್ತಿರದಲ್ಲಿದೆ ಎನ್ನಿಸಿದರೆ ಅವರನ್ನು ಒಂಟಿಯಾಗಿ ಬಿಡದೆ, ತುರ್ತು ಸೇವೆಗೋ ಸಹಾಯವಾಣಿಗೋ ಕೂಡಲೇ ಕರೆ ಮಾಡಬೇಕು. ಆಪ್ತಸಮಾಲೋಚಕರ ವಿಳಾಸ ಕೊಟ್ಟು ಕಳಿಸುವುದಕ್ಕಿಂತ ಅವರ ಬಾಗಿಲವರೆಗೆ ಜೊತೆಗೆ ನಡೆದುಹೋಗುವುದು ಎಷ್ಟೋ ಮೇಲು.

‘ಸಾಯುವುದಿಲ್ಲ’ ಎಂದು ಆಣೆ ಮಾಡಿಸಿಕೊಳ್ಳುವುದು ಪ್ರಯೋಜನಕಾರಿ ಎಂಬುದಕ್ಕೆ ಆಧಾರವಿಲ್ಲ. ಅದರ ಬದಲಿಗೆ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗೊರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಬಳಕೆಗೆ ಬಂದಿದೆ. ಬಿಕ್ಕಟ್ಟು ಹತ್ತಿರವಾಗುತ್ತಿರುವ ಲಕ್ಷಣಗಳೇನು, ಆಗ ತಾನೇ ಏನು ಮಾಡಿ ಮನಸ್ಸನ್ನು ತಡೆಹಿಡಿಯಬಹುದು, ಯಾರ ನಡುವೆ ಹೋಗಿ ಕೂರಬಹುದು, ಯಾರಲ್ಲಿ ನೆರವು ಕೇಳಬಹುದು, ಯಾವ ತಜ್ಞರಿಗೆ ಕರೆ ಮಾಡಬೇಕು ಎಂಬುದನ್ನು ವಿದ್ಯಾರ್ಥಿಯ ಮಾತುಗಳಲ್ಲೇ ಬರೆದಿಡಲಾಗುತ್ತದೆ. ಕೊನೆಯಲ್ಲಿ, ಸುತ್ತಮುತ್ತ ಅಪಾಯಕಾರಿ ಸಾಧನಗಳು ಇಲ್ಲದಂತೆ ನೋಡಿಕೊಳ್ಳುವ ಏರ್ಪಾಡು ಇರುತ್ತದೆ. ತೀವ್ರವಾದ ಆವೇಗ ಸಾಮಾನ್ಯವಾಗಿ ಹೆಚ್ಚು ಕಾಲ ನಿಲ್ಲದು. ಆ ಹೊತ್ತು ದಾಟುವಂತೆ ಮಾಡಿದರೆ ಜೀವ ಉಳಿಯುವ ಸಾಧ್ಯತೆ ಬಹಳ. 2018ರಲ್ಲಿ ಪ್ರಕಟವಾದ ಸ್ಟ್ಯಾನ್ಲಿ, ಬ್ರೌನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದವರಿಗೆ ಈ ಯೋಜನೆಯ ಜೊತೆಗೆ ಮುಂದಿನ ದಿನಗಳಲ್ಲಿ ದೂರವಾಣಿ ಕರೆ ಮಾಡಿ ವಿಚಾರಿಸಿದಾಗ, ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ, ಎಂದಿನ ಆರೈಕೆ ಮಾತ್ರ ಪಡೆದವರಿಗಿಂತ ಸುಮಾರು ಶೇ. 45ರಷ್ಟು ಕಡಿಮೆಯಿತ್ತು. ಅವರು ವಿದ್ಯಾರ್ಥಿಗಳಲ್ಲ, ನಿಜ. ಆದರೂ ಮತ್ತೆ ಮತ್ತೆ ವಿಚಾರಿಸುವುದರ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಧ್ಯಯನವನ್ನು ನಾನು ಓದಿಲ್ಲ.

ಸಂಸ್ಥೆಯ ಹೊಣೆಯೂ ಇಲ್ಲಿಂದಲೇ ಆರಂಭವಾಗುತ್ತದೆ. ಅಧ್ಯಾಪಕರಿಗೂ ಹಾಸ್ಟೆಲ್ ಸಿಬ್ಬಂದಿಗೂ ಲಕ್ಷಣ ಗುರುತಿಸುವ ತರಬೇತಿ ಕೊಟ್ಟರೆ ಅವರ ತಿಳಿವಳಿಕೆಯೂ ಧೈರ್ಯವೂ ಹೆಚ್ಚುತ್ತವೆ. ಆದರೆ ಗುರುತಿಸಿದ ವಿದ್ಯಾರ್ಥಿಗೆ ಸಮಾಲೋಚಕರ ಭೇಟಿಗೆ ವಾರಗಟ್ಟಲೆ ಕಾಯಬೇಕಾದರೆ ಆ ತರಬೇತಿ ಅರ್ಧಕ್ಕೇ ನಿಂತಂತೆ. ಸಹಾಯ ಕೇಳಿದ್ದಕ್ಕೆ ಹಾಸ್ಟೆಲ್ ಬಿಡಿಸುವ, ಒತ್ತಾಯದ ರಜೆ ಹಾಕಿಸುವ ನಿಯಮಗಳು ಉಳಿದವರ ಬಾಯನ್ನೂ ಮುಚ್ಚಿಸುತ್ತವೆ. ಒಂದು ಸಾವು ಸಂಭವಿಸಿದ ಮೇಲೆ ಅದರ ವಿಧಾನವನ್ನು ವರ್ಣಿಸದೆ, ಮೃತರನ್ನು ವೈಭವೀಕರಿಸದೆ, ಹತ್ತಿರದ ಗೆಳೆಯರನ್ನು ಹುಡುಕಿ ಮಾತನಾಡಿಸುವ ಕ್ರಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಯುವಜನರಲ್ಲಿ ಒಂದು ಸಾವಿನ ಹಿಂದೆ ಇನ್ನೊಂದು ಬರುವ ಅಪಾಯ ನಿಜವಾದದ್ದು.

ಮನೋವೈದ್ಯಕೀಯ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ಮೊದಲ ಕೆಲವು ವಾರಗಳು ಅತ್ಯಂತ ಅಪಾಯದ ಕಾಲ. ಎಲ್ಲರೂ ‘ಈಗ ಸರಿಹೋಯಿತು’ ಎಂದುಕೊಳ್ಳುವುದು ಆಗಲೇ. ತರಗತಿಗೆ ಮರಳಿದ ವಿದ್ಯಾರ್ಥಿಗೆ ತಪ್ಪಿಹೋದ ಪರೀಕ್ಷೆಯ ದಿನಾಂಕವನ್ನು ಯಾರು ಮಾತನಾಡಿ ಸರಿಪಡಿಸುತ್ತಾರೆ, ಮುಂದಿನ ಭೇಟಿ ಯಾವ ದಿನ, ಮೊದಲ ವಾರದ ರಾತ್ರಿಗಳಲ್ಲಿ ಕೊಠಡಿಯಲ್ಲಿ ಜೊತೆಗೆ ಯಾರಿರುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ, ಅವರು ಮರಳುವ ಮೊದಲೇ ಹೆಸರು ಮತ್ತು ದಿನಾಂಕಗಳ ಸಹಿತ ಉತ್ತರ ಸಿದ್ಧವಿರಬೇಕು.