ಬೆಟ್ಟದ ಸೈಕಲ್ಲಿಗೆ ಎಷ್ಟು ಗಾಳಿ?

ಆಯುಧಪೂಜೆಯ ದಿನ ಸೈಕಲ್ಲಿಗೆ ಬಾಳೆಕಂದು ಕಟ್ಟಿ ಚಕ್ರದಡಿ ನಿಂಬೆಹಣ್ಣು ಇಡುವುದಕ್ಕೆ ನನ್ನ ತಕರಾರಿಲ್ಲ. ಮೈಸೂರಿನಲ್ಲಿದ್ದುಕೊಂಡು ಅಷ್ಟೂ ಮಾಡದಿದ್ದರೆ ಹೇಗೆ? ನಿಂಬೆಹಣ್ಣಿನಿಂದ ಲಾಭವಿಲ್ಲದಿದ್ದರೂ ನಷ್ಟವಂತೂ ಇಲ್ಲ. ನನ್ನ ಜಗಳವೇನಿದ್ದರೂ ಅದಕ್ಕಿಂತ ಆಳಕ್ಕೆ ಬೇರು ಬಿಟ್ಟಿರುವ ಇನ್ನೊಂದು ನಂಬಿಕೆಯ ಜೊತೆ: ಟೈರು ಗಟ್ಟಿಯಾಗಿದ್ದಷ್ಟೂ ಸೈಕಲ್ಲು ಜೋರಾಗಿ ಓಡುತ್ತದೆ. ಡಾಂಬರು ರಸ್ತೆಯಲ್ಲಿ ಇದು ಅರೆಸತ್ಯ. ಮೌಂಟನ್ ಬೈಕ್ ರೇಸಿನಲ್ಲಿ ಶುದ್ಧ ಸುಳ್ಳು.

ಸೈಕಲ್ಲಿನ ಹುಚ್ಚು ಹಳೆಯದಾದರೂ ರೇಸಿಗೆ ನಾನು ಹೊಸಬ. ಹವ್ಯಾಸಿಗಳಿಗೆಂದೇ ಇಟ್ಟಿದ್ದ ರೇಸು ಅದು. ನಾಲೆಯ ಏರಿ, ಬಂಡಿಜಾಡು, ನೀಲಗಿರಿ ತೋಪಿನ ಇಳಿಜಾರು, ಮತ್ತೆ ನೊರಜುಗಲ್ಲಿನ ಏರು. ಸ್ಟಾರ್ಟ್ ಲೈನಿನ ಪಕ್ಕ ಒಬ್ಬ ಹುಡುಗ ಪಂಪು ಇಟ್ಟುಕೊಂಡು ನಿಂತಿದ್ದ. ಸಾಲಾಗಿ ಬಂದವರಿಗೆಲ್ಲ ಗಾಳಿ ಹೊಡೆದದ್ದೇ ಹೊಡೆದದ್ದು. ಹೆಬ್ಬೆರಳು ಒತ್ತಿದರೆ ತಗ್ಗಬಾರದು, ಅದೇ ಅವನ ಅಳತೆ. ನಾನು ಉಗುರಿನಲ್ಲಿ ವಾಲ್ವಿನ ಪಿನ್ನು ಒತ್ತಿ ಉಸ್ಸೆಂದು ಗಾಳಿ ಬಿಡುತ್ತ, ನಡುನಡುವೆ ಗೇಜು ನೋಡುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಮಂಡ್ಯದ ಯಜಮಾನರೊಬ್ಬರು, "ಯಾಕ್ ಸಾ, ಇರೋ ಗಾಳಿನೂ ಬುಡ್ತಿದ್ದೀರಲ್ಲ, ಓಡೋ ಮನಸಿಲ್ವಾ?" ಎಂದರು. ಅಲ್ಲಿ ಉತ್ತರಿಸಲು ಪುರಸೊತ್ತಿರಲಿಲ್ಲ.

ಲೆಕ್ಕ ಹೀಗೆ. ಸವಾರ, ಸೈಕಲ್ಲು ಎಲ್ಲ ಸೇರಿ 85 ಕಿಲೋ ಎಂದುಕೊಳ್ಳಿ. ಅದರಲ್ಲಿ 50 ಕಿಲೋದಷ್ಟು ಹಿಂಚಕ್ರದ ಮೇಲೆ ಕೂರುತ್ತದೆ. ಎದುರಿಗೆ ಎರಡು ಸೆಂಟಿಮೀಟರ್ ಎತ್ತರದ ಕಲ್ಲು. ಟೈರು ಬಿರುಸಾಗಿದ್ದರೆ ಅದು ಮಣಿಯುವುದಿಲ್ಲ, ಇಡೀ ಚಕ್ರವೇ ಕಲ್ಲಿನ ನೆತ್ತಿಗೆ ಏರಬೇಕು. 50 ಕಿಲೋ ಭಾರವನ್ನು ಎರಡು ಸೆಂಟಿಮೀಟರ್ ಎತ್ತಲು ಸುಮಾರು 10 ಜೂಲ್ ಶಕ್ತಿ ಬೇಕು. ಗಂಟೆಗೆ 18 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಮೀಟರಿಗೊಂದೇ ಕಲ್ಲು ಸಿಕ್ಕಿದರೂ ಸೆಕೆಂಡಿಗೆ 50 ಜೂಲ್, ಅಂದರೆ 50 ವ್ಯಾಟ್. ನನ್ನಂಥವನು ಒಂದು ಗಂಟೆ ಎಡೆಬಿಡದೆ ತುಳಿದು ಹುಟ್ಟಿಸುವುದೇ 150 ವ್ಯಾಟಿನ ಆಸುಪಾಸು!

ಹತ್ತಿಸಿದ್ದು ಇಳಿಯುವಾಗ ವಾಪಸು ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಒಂದಿಷ್ಟು ಬರುತ್ತದೆ, ಪೂರ್ತಿ ಬರುವುದಿಲ್ಲ. ಚಕ್ರ ಕಲ್ಲಿಗೆ ಬಡಿದ ಕ್ಷಣ ಸೈಕಲ್ಲು ಹಿಂದಕ್ಕೆ ನೂಕಿಸಿಕೊಳ್ಳುತ್ತದೆ. ಆಮೇಲೆ ಧಡಕ್ಕೆಂದು ಕೆಳಗೆ ಬೀಳುವಾಗ ಮೈಯೆಲ್ಲ ಅದುರುತ್ತದೆ. ತೊಡೆ, ತೋಳು, ಹೊಟ್ಟೆಯ ಕೊಬ್ಬು ಆ ಅದುರನ್ನು ಹೀರಿ ಶಾಖ ಮಾಡಿಬಿಡುತ್ತವೆ. ರೇಸಿನ ಮಾರನೆಯ ದಿನ ಕಾಲಿಗಿಂತ ಮುಂಗೈ ಹೆಚ್ಚು ನೋಯುವುದು ಸುಮ್ಮನೆ ಅಲ್ಲ. ಗಾಳಿ ಕಡಿಮೆಯಿದ್ದ ಟೈರಿನಲ್ಲಾದರೆ ಕಲ್ಲು ರಬ್ಬರಿನೊಳಕ್ಕೇ ಹುದುಗುತ್ತದೆ. ಚಕ್ರದ ಅಚ್ಚು ಮಾತ್ರ ಹೆಚ್ಚೂಕಡಿಮೆ ಇದ್ದ ಎತ್ತರದಲ್ಲೇ ಸಾಗುತ್ತದೆ, ಅದರ ಜೊತೆಗೆ ನಾವೂ.

ಹಾಗೆಂದು ಮೆತ್ತನೆಯ ಟೈರು ಪುಕ್ಕಟೆಯೇನಲ್ಲ. ರಾಗಿಮುದ್ದೆಯನ್ನು ಬೆರಳಿನಿಂದ ಒತ್ತಿದರೆ ಒತ್ತಿದ್ದು ಒತ್ತಿದಂತೆಯೇ ಉಳಿಯುತ್ತದೆ, ಕೊಟ್ಟ ಶಕ್ತಿಯಲ್ಲಿ ಒಂದಂಶವೂ ವಾಪಸಿಲ್ಲ. ಉಕ್ಕಿನ ಸ್ಪ್ರಿಂಗು ಬಹುಪಾಲು ವಾಪಸು ಕೊಡುತ್ತದೆ. ರಬ್ಬರು ಇವೆರಡರ ನಡುವಿನ ಪ್ರಾಣಿ. ಪ್ರತಿ ಸುತ್ತಿನಲ್ಲೂ ಟೈರಿನ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುವಾಗ ಅದು ಒಂದು ಪಾಲನ್ನು ಶಾಖವಾಗಿ ನುಂಗಿಕೊಳ್ಳುತ್ತದೆ. ಗಾಳಿ ಕಡಿಮೆಯಾದಷ್ಟೂ ಈ ನುಂಗುವಿಕೆ ಹೆಚ್ಚು. ಗಟ್ಟಿ ಟೈರಿನ ಪಕ್ಷದವರು ಹಿಡಿದುಕೊಂಡಿರುವುದು ಈ ಒಂದು ಖರ್ಚನ್ನು ಮಾತ್ರ. ಕಲ್ಲು ಹತ್ತಿಸುವ ಖರ್ಚು ಅವರ ಲೆಕ್ಕದ ಪುಸ್ತಕದಲ್ಲೇ ಇಲ್ಲ. ಒರಟು ನೆಲದಲ್ಲಿ ದೊಡ್ಡ ಖರ್ಚು ಅದೇ.

ಇನ್ನು ಹಿಡಿತ. 50 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಅಳತೆ) ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೋ ಒತ್ತಡ. 50 ಕಿಲೋ ಹೊರಲು ಟೈರು ಸುಮಾರು 14 ಚದರ ಸೆಂಟಿಮೀಟರಿನಷ್ಟು ನೆಲ ಮುಟ್ಟಿದರೆ ಸಾಕು. ಒತ್ತಡ 25ಕ್ಕೆ ಇಳಿಸಿದರೆ ಮುಟ್ಟುವ ಜಾಗ ದುಪ್ಪಟ್ಟು. 'ಘರ್ಷಣೆಗೂ ಮುಟ್ಟುವ ವಿಸ್ತೀರ್ಣಕ್ಕೂ ಸಂಬಂಧವಿಲ್ಲ' ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಆ ಸೂತ್ರ ಮರದ ಹಲಗೆಗೆ ಸರಿ. ರಬ್ಬರು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಮೇಲಾಗಿ ನಮ್ಮ ಕಡೆಯ ಕೆಮ್ಮಣ್ಣಿನ ಮೇಲೆ ಬಿಳಿ ನೊರಜು ಸಡಿಲವಾಗಿ ಹರಡಿಕೊಂಡಿರುತ್ತದೆ. ಅಲ್ಲಿ ಟೈರಿನ ಗುಬುಟುಗಳು ಮಣ್ಣನ್ನು ಕಚ್ಚಿ ಹಿಡಿಯಬೇಕು. ಹೆಚ್ಚು ಗುಬುಟು ನೆಲ ಮುಟ್ಟಿದರೆ ಹೆಚ್ಚು ಕಚ್ಚು. ಆವತ್ತಿನ ಏರಿನಲ್ಲಿ ಎಷ್ಟೋ ಹುಡುಗರು ನನಗಿಂತ ಬಲವಾಗಿ ತುಳಿಯುತ್ತಿದ್ದರೂ ಹಿಂಚಕ್ರ ನಿಂತಲ್ಲೇ ಗಿರ್ರನೆ ತಿರುಗಿ, ಸೈಕಲ್ಲಿನಿಂದ ಇಳಿದು ತಳ್ಳತೊಡಗಿದರು. ನಾನು ಗೆದ್ದೆನೇ? ಇಲ್ಲ, ಹಿಂದಿನ ಸಾಲಿನವನೇ. ಆದರೆ ಆ ಏರನ್ನು ಕೂತೇ ಹತ್ತಿದೆ.

ಈ ಜಗಳ ಟೈರಿನಷ್ಟೇ ಹಳೆಯದು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ರಬ್ಬರು ಕೊಳವೆಯನ್ನು ಚಕ್ರಕ್ಕೆ ಸುತ್ತಿದ. ಅದನ್ನೂ ಹಳೆಯ ಗಟ್ಟಿ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿ ನೋಡಿದರೆ ಗಾಳಿಚಕ್ರವೇ ಹೆಚ್ಚು ದೂರ ಹೋಯಿತು. (ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಇದೇ ಉಪಾಯಕ್ಕೆ 1845ರಲ್ಲೇ ಪೇಟೆಂಟ್ ಪಡೆದಿದ್ದ. ಪಾಪ, ಆಗ ಈಗಿನಂಥ ಸೈಕಲ್ಲೇ ಇರಲಿಲ್ಲ.) 1889ರಲ್ಲಿ ವಿಲ್ಲಿ ಹ್ಯೂಮ್ ಎಂಬಾತ ಡನ್‌ಲಪ್ಪನ ಟೈರು ಹಾಕಿಕೊಂಡು ಬೆಲ್‌ಫಾಸ್ಟ್‌ನಲ್ಲಿ ರೇಸು ಗೆದ್ದ ಮೇಲೆ ಗಾಳಿಯೇ ಇಲ್ಲದ ಗಟ್ಟಿ ರಬ್ಬರಿನ ಟೈರಿನ ಕಾಲ ಮುಗಿಯುತ್ತ ಬಂತು.

ಮಂಡ್ಯದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿಣದ ಪಟ್ಟಿಯ ಮರದ ಚಕ್ರ ಬಿಟ್ಟು ಟೈರುಗಾಡಿಗೆ ಬದಲಾದಾಗ ಅದೇ ಜೋಡೆತ್ತು ಹೆಚ್ಚು ಕಬ್ಬು ಎಳೆದವು. ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಕಾಕತಾಳೀಯವೆಂದರೆ, ಅಮೆರಿಕದ ಶ್ವಿನ್ ಕಂಪನಿ ಎರಡಿಂಚು ದಪ್ಪದ 'ಬಲೂನ್' ಟೈರಿನ ಸೈಕಲ್ಲು ಹೊರತಂದದ್ದೂ ಆ ವರ್ಷವೇ. ಅಂಥ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಜರಿಯಿಂದ ಹುಡುಕಿ ತಂದ ಕ್ಯಾಲಿಫೋರ್ನಿಯಾದ ಹುಡುಗರು 1976ರಲ್ಲಿ ಬೆಟ್ಟದ ಮಣ್ಣುದಾರಿಯಲ್ಲಿ 'ರೀಪ್ಯಾಕ್' ಎಂಬ ರೇಸು ಶುರುಮಾಡಿದರು. ಇಳಿಜಾರಿನಲ್ಲಿ ಬ್ರೇಕು ಹಿಡಿದು ಹಿಡಿದು ಹಿಂಚಕ್ರದ ಹಬ್ಬಿನ (ಬ್ರೇಕು ಇದ್ದದ್ದೇ ಚಕ್ರದ ಆ ನಡುಗುಂಬದೊಳಗೆ) ಗ್ರೀಸೆಲ್ಲ ಸುಟ್ಟು ಹೊಗೆಯಾಗಿ, ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತಂತೆ, ರೇಸಿನ ಹೆಸರು ಬಂದದ್ದೂ ಅದರಿಂದಲೇ. 20 ವರ್ಷಗಳ ನಂತರ, 1996ರ ಅಟ್ಲಾಂಟಾದಲ್ಲಿ, ಇದೇ ಆಟ ಒಲಿಂಪಿಕ್ಸ್ ಸೇರಿತು.

ಹಾಗಾದರೆ ಎಷ್ಟು ಇಳಿಸಬೇಕು? ಇಳಿಸುವುದಕ್ಕೂ ಮಿತಿಯಿದೆ. ತೀರಾ ಇಳಿಸಿದರೆ ಕಲ್ಲು ಟೈರನ್ನು ಪೂರ್ತಿ ಅಮುಕಿ ರಿಮ್ಮಿಗೆ ತಾಗುತ್ತದೆ. ನಡುವೆ ಸಿಕ್ಕ ಟ್ಯೂಬು ಹರಿಯುತ್ತದೆ. ಪಂಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಅದ್ದಿದಾಗ ಅಕ್ಕಪಕ್ಕ ಎರಡು ಕಡೆಯಿಂದ ಗುಳ್ಳೆ ಎದ್ದರೆ ಇದೇ ಕಾರಣ, ಹಾವು ಕಚ್ಚಿದ ಗುರುತಿನ ಹಾಗೆಯೇ ಕಾಣುತ್ತದೆ. ಜಾಲಿಮುಳ್ಳಾದರೆ ಸಾಮಾನ್ಯವಾಗಿ ಒಂದೇ ತೂತು, ಅದನ್ನು ಗಾಳಿಯ ತಲೆಗೆ ಕಟ್ಟಬೇಡಿ. 75 ಕಿಲೋ ಆಸುಪಾಸಿನವರಿಗೆ, ಎರಡು ಇಂಚಿಗಿಂತ ತುಸು ಅಗಲವಾದ ಟೈರು, ಒಳಗೆ ಟ್ಯೂಬು ಇದ್ದರೆ, ಹಿಂದೆ 30, ಮುಂದೆ 27 ಪಿಎಸ್‌ಐನಿಂದ ಶುರುಮಾಡಬಹುದು. ಟ್ಯೂಬ್‌ಲೆಸ್ ಆದರೆ ಇನ್ನೂ ನಾಲ್ಕೈದು ಕಡಿಮೆ. ಅಭ್ಯಾಸದ ಒಂದೊಂದು ಸುತ್ತಿಗೂ ಎರಡೆರಡು ಇಳಿಸುತ್ತ ಹೋಗಿ. ರಿಮ್ಮು ಕಲ್ಲಿಗೆ ಟಣ್ಣೆಂದ ಕೂಡಲೇ ಎರಡು ಏರಿಸಿ ನಿಲ್ಲಿಸಿ. ಒಂದು ಗೇಜು ಕೊಂಡುಕೊಳ್ಳಿ, 25ಕ್ಕೂ 32ಕ್ಕೂ ಇರುವ ವ್ಯತ್ಯಾಸ ಹೆಬ್ಬೆರಳಿಗೆ ಗೊತ್ತಾಗುವುದಿಲ್ಲ.

ಅಳೆಯುವುದನ್ನು ನೆರಳಿನಲ್ಲೇ ಮಾಡಿ. ಬೆಳಗಿನ 20 ಡಿಗ್ರಿಯಲ್ಲಿ 30 ಪಿಎಸ್‌ಐ ಇದ್ದ ಟೈರು, ಬಿಸಿಲಿಗೆ ನಿಂತು ಒಳಗಿನ ಗಾಳಿ 40 ಡಿಗ್ರಿ ಮುಟ್ಟಿದರೆ, ತಾನಾಗಿಯೇ 33ಕ್ಕೆ ಏರಿರುತ್ತದೆ. ಬೆಟ್ಟ ಹತ್ತಿದರೆ ಹೊರಗಿನ ಗಾಳಿ ತೆಳುವಾಗಿ ಟೈರು ಗಟ್ಟಿಯಾಗುವುದಿಲ್ಲವೇ ಎಂಬ ಚಿಂತೆ ಮಾತ್ರ ಬೇಡ. ಮೈಸೂರಿನಿಂದ ಚಾಮುಂಡಿ ಬೆಟ್ಟದ ತುದಿಗೆ ಸುಮಾರು 300 ಮೀಟರ್ ಏರಿದರೆ ವ್ಯತ್ಯಾಸ ಅರ್ಧ ಪಿಎಸ್‌ಐ.

ರೇಸು ಮುಗಿಸಿ ಡಾಂಬರು ರಸ್ತೆಯಲ್ಲಿ ತುಳಿದುಕೊಂಡೇ ಊರಿಗೆ ಮರಳುವವರು ಅದೇ ಪಂಪಿನ ಹುಡುಗನ ಹತ್ತಿರ ಹೋಗಿ ಇನ್ನೊಂದು ಹತ್ತು ಪಿಎಸ್‌ಐ ಹೊಡೆಸಿಕೊಳ್ಳಿ. ನುಣುಪು ರಸ್ತೆಯಲ್ಲಿ ಹತ್ತಿಸಲು ಕಲ್ಲುಗಳಿಲ್ಲ, ರಬ್ಬರು ನುಂಗುವ ಖರ್ಚು ಮಾತ್ರ ಉಳಿಯುತ್ತದೆ. ಅಲ್ಲಿ ಆ ಹುಡುಗನ ಮಾತೇ ಸರಿ.