ಇಪಿ ಅಂದರೇನು?

ಯಾವುದೋ ಇಂಡಿ ಬ್ಯಾಂಡ್ (ದೊಡ್ಡ ಕಂಪನಿಗಳ ಹಂಗಿಲ್ಲದ ಬ್ಯಾಂಡ್) ಹೊಸ ಹಾಡು ಬಿಟ್ಟಿದೆ ಅಂತ ಹುಡುಕಿಕೊಂಡು ಹೋದರೆ, ಹೆಸರಿನ ಪಕ್ಕ ‘ಇಪಿ’ ಅಂತ ಇರುತ್ತದೆ. ನಾಲ್ಕೈದು ಹಾಡು, ಎಲ್ಲ ಸೇರಿ ಇಪ್ಪತ್ತು ನಿಮಿಷ. ಒಂದೆರಡು ಹಾಡಿನ ಸಿಂಗಲ್‌ಗಿಂತ ದೊಡ್ಡದು, ಆಲ್ಬಂಗಿಂತ ಚಿಕ್ಕದು. ಪೂರ್ತಿ ಹೆಸರು ಎಕ್ಸ್‌ಟೆಂಡೆಡ್ ಪ್ಲೇ.

ಈ ಹೆಸರು ಬಂದಿದ್ದು ಗ್ರಾಮಫೋನ್ ಪ್ಲೇಟಿನ ಕಾಲದಲ್ಲಿ. 1948ರಲ್ಲಿ ಕೊಲಂಬಿಯಾ ಕಂಪನಿ 12 ಇಂಚಿನ ಎಲ್‌ಪಿ, ಅಂದರೆ ಲಾಂಗ್ ಪ್ಲೇ ಪ್ಲೇಟು ತಂದಿತು, ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಹಿಡಿಯುತ್ತಿತ್ತು. ಮರುವರ್ಷ ಆರ್‌ಸಿಎ ವಿಕ್ಟರ್‌ನವರು 7 ಇಂಚಿನ ಪುಟ್ಟ ಪ್ಲೇಟು ತಂದರು, ನಿಮಿಷಕ್ಕೆ 45 ಸುತ್ತು, ಬದಿಗೆ ಒಂದೇ ಹಾಡು. ಆಮೇಲೆ 1952ರಲ್ಲಿ ಅದೇ 7 ಇಂಚಿನಲ್ಲಿ ಗೆರೆಗಳನ್ನು ಒತ್ತೊತ್ತಾಗಿ ಕೊರೆದು, ಬದಿಗೆ ಏಳು ನಿಮಿಷದಷ್ಟು ತುಂಬಿಸಿದರು. ಸದ್ದು ಸ್ವಲ್ಪ ಮೆತ್ತಗಾಯಿತು, ಆದರೆ ಪ್ಲೇಟು ಸಿಂಗಲ್‌ಗಿಂತ ಜಾಸ್ತಿ ಹೊತ್ತು ಓಡಿತು. ಅದೇ ಇಪಿ. ನಮ್ಮಲ್ಲೂ 60, 70ರ ದಶಕದ ಎಷ್ಟೋ ಕನ್ನಡ ಸಿನಿಮಾ ಹಾಡುಗಳು ಮನೆ ಸೇರಿದ್ದು ಇಂಥ ಪ್ಲೇಟುಗಳಲ್ಲೇ.

ದೊಡ್ಡ ಕಂಪನಿಗಳಿಗೆ ಇದು ಸುಮ್ನೆ ಒಂದು ಅಳತೆ, ಅಷ್ಟೆ. ಇದಕ್ಕೆ ಬೇರೆಯೇ ಅರ್ಥ ಕೊಟ್ಟವರು ಕೈಯಲ್ಲಿ ಕಾಸಿಲ್ಲದ ಹುಡುಗರು.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬಜ್‌ಕಾಕ್ಸ್ ಅಂತ ಒಂದು ಪಂಕ್ ಬ್ಯಾಂಡ್ ಇತ್ತು. 1976ರ ಡಿಸೆಂಬರ್ ಕೊನೆಯಲ್ಲಿ ಅವರು ಸ್ನೇಹಿತರು, ಮನೆಯವರ ಹತ್ತಿರ ಸುಮಾರು 500 ಪೌಂಡ್ ಸಾಲ ಎತ್ತಿ, ಒಂದೇ ದಿನದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಪ್ಲೇಟು ಹೊರತರುವ ಕಂಪನಿ, ಅಂದರೆ ಲೇಬಲ್ಲೂ ಅವರದ್ದೇ. ‘ಸ್ಪೈರಲ್ ಸ್ಕ್ರ್ಯಾಚ್’ ಅನ್ನೋ ಆ ಇಪಿ 1977ರ ಜನವರಿಯಲ್ಲಿ ಬಂತು, ಮೊದಲು ಒತ್ತಿಸಿದ್ದು 1000 ಪ್ಲೇಟು. ಕವರಿನ ಹಿಂಬದಿ ನೋಡಬೇಕು ನೀವು. ಒಂದೊಂದು ಹಾಡೂ ಎಷ್ಟನೇ ಟೇಕು, ಅದರ ಮೇಲೆ ಆಮೇಲೆ ಗಿಟಾರ್ ಸೇರಿಸಿದ್ದಾರಾ ಇಲ್ವಾ, ಎಲ್ಲವನ್ನೂ ಅಚ್ಚು ಹಾಕಿಸಿದ್ದಾರೆ. ಪ್ಲೇಟು ಮಾಡೋದು ಇಷ್ಟೇ ಕಣ್ರೀ, ನೀವೂ ಮಾಡಬಹುದು ಅಂತ ಕೇಳುವವರಿಗೆ ಗುಟ್ಟು ಬಿಟ್ಟುಕೊಟ್ಟ ಹಾಗೆ. ಮಾಡಿದರು ಕೂಡ! ಆಮೇಲಿನ ವರ್ಷಗಳಲ್ಲಿ ಬ್ರಿಟನ್ ತುಂಬಾ ಸ್ವಂತ ಲೇಬಲ್‌ಗಳು ಹುಟ್ಟಿಕೊಂಡವು.

ನನಗೆ ಇಪಿ ಇಷ್ಟವಾಗೋದು ಈ ಕಾರಣಕ್ಕೇ. ಹತ್ತು ಹಾಡಿಗೆ ಸ್ಟುಡಿಯೋ ಬಾಡಿಗೆ ಕಟ್ಟೋಕೆ ಆಗಲ್ಲ, ಆದರೆ ಹೇಳೋಕೆ ಇರೋದು ಒಂದು ಹಾಡಿನಲ್ಲಿ ಮುಗಿಯೋದೂ ಇಲ್ಲ. ಹಾಗಾಗಿ ಇರೋದರಲ್ಲಿ ಗಟ್ಟಿಯಾದ ನಾಲ್ಕೈದನ್ನು ಮಾತ್ರ ಇಡುತ್ತಾರೆ, ಪುಟ ತುಂಬಿಸೋ ಹಾಡಿಗೆ ಅಲ್ಲಿ ಜಾಗವೇ ಇರಲ್ಲ. ಅಮೆರಿಕದ ಆರ್‌ಇಎಂ ಬ್ಯಾಂಡ್ 1982ರಲ್ಲಿ ಐದು ಹಾಡಿನ ‘ಕ್ರಾನಿಕ್ ಟೌನ್’ ಬಿಟ್ಟಾಗ ಅವರ ಆಲ್ಬಂ ಇನ್ನೂ ಬಂದೇ ಇರಲಿಲ್ಲ. ಆದರೂ ಅವರ ಮುಂದಿನ ದಾರಿಯೆಲ್ಲ ಅದರಲ್ಲೇ ಕೇಳಿಸುತ್ತದೆ, ಗಿಟಾರಿನ ಆ ಬಿಡಿಬಿಡಿ ನಾದ, ಮಾತು ಅರ್ಧಂಬರ್ಧ ನುಂಗಿದಂಥ ಹಾಡುಗಾರಿಕೆ, ಎಲ್ಲವೂ. ನಮ್ಮ ಬೆಂಗಳೂರಿನಲ್ಲಿ ಬೆಳೆದ ಪರ್ವಾಜ್ ಬ್ಯಾಂಡ್ ಕೂಡ 2012ರಲ್ಲಿ ‘ಬೇಹೋಶ್’ ಅನ್ನೋ ಇಪಿ ತಂದು, ಆಮೇಲೆ 2014ರಲ್ಲಿ ಆಲ್ಬಂ ಮಾಡಿತು.

ಈಗ ಪ್ಲೇಟೂ ಇಲ್ಲ, ಗೆರೆಯೂ ಇಲ್ಲ. ಸ್ಪಾಟಿಫೈ, ಆಪಲ್ ಮ್ಯೂಸಿಕ್‌ನಂಥ ಕಡೆ ಸಾಮಾನ್ಯವಾಗಿ ನಾಲ್ಕರಿಂದ ಆರು ಹಾಡಿದ್ದು, ಒಟ್ಟು 30 ನಿಮಿಷದೊಳಗಿದ್ದರೆ ಅದನ್ನು ಇಪಿ ಅಂತ ಲೆಕ್ಕ ಹಾಕುತ್ತಾರೆ. ಅದು ಕಡತದ ಲೆಕ್ಕ. ಕೇಳುವವರಿಗೆ ಮುಖ್ಯ ಆಗಬೇಕಾದದ್ದು ಆ ನಾಲ್ಕೈದು ಹಾಡು ಒಟ್ಟಿಗೆ ಯಾಕಿವೆ ಅನ್ನೋದು. ಇತ್ತೀಚೆಗೆ ಎಷ್ಟೋ ಬ್ಯಾಂಡ್‌ಗಳು ಒಂದೊಂದೇ ಹಾಡನ್ನು ಸಿಂಗಲ್ ಅಂತ ಬಿಟ್ಟು, ಕೊನೆಗೆ ಎಲ್ಲವನ್ನೂ ಗುಡ್ಡೆ ಹಾಕಿ ಇಪಿ ಅಂತ ಹೆಸರಿಡುತ್ತವೆ. ಪ್ಲೇಲಿಸ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳದಿದ್ದರೆ ಜನ ಮರೆತೇಬಿಡುತ್ತಾರೆ, ಅವರ ಕಷ್ಟ ಅರ್ಥ ಆಗುತ್ತದೆ. ಆದರೂ ಅಲ್ಲಿ ಏನೋ ಕಳೆದುಹೋಗುತ್ತದೆ, ಅಲ್ವಾ? ಮೊದಲ ಹಾಡಿನ ಕೊನೆಗೂ ಎರಡನೆಯದರ ಶುರುವಿಗೂ ನಂಟೇ ಇರಲ್ಲ.

ಹೊಸ ಇಪಿ ಸಿಕ್ಕಾಗ ಶಫಲ್ ಆಫ್ ಮಾಡಿ, ಮೊದಲಿನಿಂದ ಕೊನೆವರೆಗೆ ಅದೇ ಸಾಲಿನಲ್ಲಿ ಒಮ್ಮೆ ಕೇಳಿ. ಹಿಡಿಸಿದರೆ, ಬ್ಯಾಂಡ್‌ಗಳು ತಮ್ಮ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟಿನಲ್ಲಿ ಇದೆಯಾ ನೋಡಿ, ಇದ್ದರೆ ಅಲ್ಲಿಂದಲೇ ಕೊಳ್ಳಿ. ಡಿಜಿಟಲ್ ಮಾರಾಟದಲ್ಲಿ ಅವರು ಕಮಿಷನ್ ಸುಮಾರು 15 ಪರ್ಸೆಂಟ್ ಹಿಡಿಯುತ್ತಾರೆ, ಉಳಿದದ್ದರಲ್ಲಿ ಪೇಮೆಂಟ್ ಖರ್ಚು ಹೋಗಿ ಮಿಕ್ಕಿದ್ದು ಬ್ಯಾಂಡಿನ ಅಥವಾ ಅವರ ಲೇಬಲ್ಲಿನ ಕೈಗೇ ಹೋಗುತ್ತದೆ.