ಎತ್ತರದ ಟ್ರೆಕ್‌ನಲ್ಲಿ ಕಣ್ಣು ಕೈಕೊಟ್ಟರೆ, ಮೊದಲು ಒಂದು ಕಣ್ಣು ಮುಚ್ಚಿ ನೋಡಿ

ಪ್ರಶ್ನೆ: ಹಿಮಾಲಯದ ಟ್ರೆಕ್‌ನಲ್ಲಿ ಕೆಲವರಿಗೆ ಕಣ್ಣು ಮಂಜಾಗುತ್ತದೆ, ಕೆಲವರಿಗೆ ಒಂದು ಎರಡಾಗಿ ಕಾಣುತ್ತದೆ, ಇನ್ನು ಕೆಲವರಿಗೆ ಕಪ್ಪು ಕಲೆ ಕಾಣುತ್ತದೆ. ಇದೆಲ್ಲ ಆಮ್ಲಜನಕ ಕಮ್ಮಿ ಆಗಿದ್ದಕ್ಕಾ? ಕೆಳಗಿಳಿದ ಮೇಲೆ ತಾನಾಗಿ ಸರಿಹೋದರೆ ಡಾಕ್ಟರ್ ಹತ್ತಿರ ಹೋಗಬೇಕಾ?

ಉತ್ತರ: ಎಲ್ಲದಕ್ಕೂ ಆಮ್ಲಜನಕದ ಮೇಲೆ ಗೂಬೆ ಕೂರಿಸುವುದು ನಮಗೆಲ್ಲ ರೂಢಿ. ಹಳೆಯ ಒಂದು ಘಟನೆಯಿಂದ ಶುರು ಮಾಡುತ್ತೇನೆ, ಅದರಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

1924ರ ಜೂನ್ 4. ಎವರೆಸ್ಟಿನ ಉತ್ತರ ಭಾಗ. ಎಡ್ವರ್ಡ್ ನಾರ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಆಮ್ಲಜನಕದ ಸಿಲಿಂಡರ್ ಇಲ್ಲದೆ 8,570 ಮೀಟರ್ ಹತ್ತಿರ ಬಂದಿದ್ದರು. ಕಾಲಡಿ ಹೆಚ್ಚಾಗಿ ಬಂಡೆ. ಗಾಗಲ್ಸ್ ಅಡ್ಡ ಬರುತ್ತದೆ ಅಂತ ತೆಗೆದಿಟ್ಟಿದ್ದರು. ಅಷ್ಟರಲ್ಲಿ ಎಲ್ಲ ಎರಡೆರಡಾಗಿ ಕಾಣತೊಡಗಿತು. ಕಾಲು ಎಲ್ಲಿಡಬೇಕು ಅನ್ನುವುದೇ ಅನುಮಾನ. ಹಿಮಗುರುಡು (ಹಿಮದ ಮೇಲಿನ ಬಿಸಿಲಿಗೆ ಕಣ್ಣು ಸುಟ್ಟು ಕಾಣದಾಗುವುದು) ಶುರುವಾಯಿತೇನೋ ಅಂದುಕೊಂಡರು. ಅಲ್ಲ, ಇದು ಅದಲ್ಲ ಅಂದವರು ಜೊತೆಗಾರ ಡಾಕ್ಟರ್ ಹೋವರ್ಡ್ ಸೊಮರ್‌ವೆಲ್. (ಇವರು ಆಮೇಲೆ ನಮ್ಮ ದಕ್ಷಿಣದ ನೆಯ್ಯೂರಿನಲ್ಲಿ ವರ್ಷಗಟ್ಟಲೆ ಸರ್ಜನ್ ಆಗಿದ್ದರು.) ಡಾಕ್ಟರ್ ಹೇಳಿದ್ದು ಸರಿ. ಆದರೆ ಅದೇ ರಾತ್ರಿ ಶಿಬಿರದಲ್ಲಿ ನಾರ್ಟನ್‌ಗೆ ನಿಜವಾದ ಹಿಮಗುರುಡೂ ಬಂತು. ಸುಮಾರು ಅರವತ್ತು ಗಂಟೆ ಏನೂ ಕಾಣಲಿಲ್ಲ. ಜೂನ್ 6ರ ಬೆಳಿಗ್ಗೆ ಅದೇ ತಂಡದ ಮ್ಯಾಲರಿ ಮತ್ತು ಇರ್ವಿನ್ ತುದಿಯ ಕಡೆ ಕೊನೆಯ ಸಲ ಹೊರಟಾಗ ನಾರ್ಟನ್ ಕೈ ಕುಲುಕಿ ಕಳಿಸಿದರು, ಹೋಗುವುದನ್ನು ನೋಡಲಾಗಲಿಲ್ಲ. ಇಬ್ಬರೂ ವಾಪಸ್ ಬರಲಿಲ್ಲ.

ಒಂದೇ ದಿನ, ಅದೇ ಜೋಡಿ ಕಣ್ಣು, ಎರಡು ಬೇರೆ ಬೇರೆ ತೊಂದರೆ. ಒಂದಕ್ಕೆ ಕಾರಣ ಹೆಚ್ಚುಕಮ್ಮಿ ಖಂಡಿತ ಆಮ್ಲಜನಕದ ಕೊರತೆ. ಇನ್ನೊಂದಕ್ಕೆ ಬರೀ ಬಿಸಿಲು.

ನಮ್ಮ ಟ್ರೆಕ್ಕರುಗಳನ್ನು ಜಾಸ್ತಿ ಕಾಡುವುದು ಈ ಬಿಸಿಲಿನದ್ದೇ. ಪ್ರತಿ ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಶೇ. 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇ. 80ರವರೆಗೂ ಮುಖಕ್ಕೇ ವಾಪಸ್ ಎಸೆಯುತ್ತದೆ. ಟೋಪಿಯ ಅಂಚು ಮೇಲಿನ ಬಿಸಿಲು ತಡೆದೀತು, ಕೆಳಗಿನಿಂದ ಬರುವುದನ್ನು ತಡೆಯುವುದಿಲ್ಲ. ಮೋಡ ಇದ್ದರೂ ಬಚಾವಿಲ್ಲ. ಮೋಸ ಇರುವುದು ಸಮಯದಲ್ಲಿ. ಸುಡುವಾಗ ಗೊತ್ತೇ ಆಗುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದು, ಟೆಂಟಿನಲ್ಲಿ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಕೊಂಡ ಮೇಲೆ ಶುರು. ರೆಪ್ಪೆಯೊಳಗೆ ಯಾರೋ ಮರಳು ಸುರಿದ ಹಾಗೆ. ಕಣ್ಣು ಬಿಟ್ಟರೂ ಉರಿ, ಮುಚ್ಚಿದರೂ ಉರಿ, ನೀರು ಧಾರಾಕಾರ. ಪಕ್ಕದವನ ಹೆಡ್‌ಲ್ಯಾಂಪ್ ಬೆಳಕು ಸೂಜಿ ಚುಚ್ಚಿದಂತೆ. ನಿಮ್ಮೂರಿನ ವೆಲ್ಡಿಂಗ್ ಅಂಗಡಿಯವರನ್ನು ಕೇಳಿ, ಶೀಲ್ಡ್ ಹಿಡಿಯದೆ ಕೆಲಸ ಮಾಡಿದ ರಾತ್ರಿ ಅವರಿಗೂ ಇದೇ ಆಗಿರುತ್ತದೆ. ಎರಡೂ ಒಂದೇ ಕಾಯಿಲೆ: ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಸುಟ್ಟಿರುತ್ತದೆ.

ಸಮಾಧಾನ ಅಂದರೆ, ಒಂದರಿಂದ ಮೂರು ದಿನದಲ್ಲಿ ಅದು ತಾನೇ ಮಾಯುತ್ತದೆ. ಲೆನ್ಸ್ ಇದ್ದರೆ ತೆಗೆಯಿರಿ, ಕತ್ತಲಲ್ಲಿರಿ, ತಣ್ಣನೆಯ ಬಟ್ಟೆ ಇಡಿ, ಉಜ್ಜಬೇಡಿ. ಮರಗಟ್ಟಿಸುವ ಹನಿ ಯಾರಾದರೂ ಕೊಟ್ಟರೆ ಮತ್ತೆ ಮತ್ತೆ ಹಾಕಿಕೊಳ್ಳಬೇಡಿ. ನೋವು ಹೋಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಟಿಬೆಟಿನ ಅಲೆಮಾರಿ ಕುರುಬರು ಯಾಕ್ ಕೂದಲಿನ ಜಾಲರಿ ಕಟ್ಟಿಕೊಳ್ಳುತ್ತಿದ್ದರು. ಗಾಗಲ್ಸ್ ಕಳೆದುಹೋದರೆ ಬಿಸ್ಕೆಟ್ ಡಬ್ಬದ ರಟ್ಟಿನಲ್ಲಿ ಸಣ್ಣ ಸೀಳು ಮಾಡಿ ಕಟ್ಟಿಕೊಂಡರೂ ಆಗುತ್ತದೆ, ನಾಚಿಕೆ ಬೇಡ. 1978ರಲ್ಲಿ ಸಿಲಿಂಡರ್ ಇಲ್ಲದೆ ಎವರೆಸ್ಟ್ ತುದಿ ಮುಟ್ಟಿ ನಾರ್ಟನ್ ದಾಖಲೆಯನ್ನು ದಾಟಿದ ರೈನ್‌ಹೋಲ್ಡ್ ಮೆಸ್ನರ್ ಕೂಡ ಮೇಲೆ ಚಿತ್ರ ತೆಗೆಯಲು ಗಾಗಲ್ಸ್ ಬಿಚ್ಚಿ, ಆ ರಾತ್ರಿ ಕಣ್ಣು ಕಾಣದೆ ನರಳಿದರು. 54 ವರ್ಷ ಆದಮೇಲೂ ಅದೇ ತಪ್ಪು! ನಾವು ಸೆಲ್ಫಿಗೆ ತೆಗೆಯುತ್ತೇವೆ, ಅಷ್ಟೇ ವ್ಯತ್ಯಾಸ.

ಈಗ ನೋವಿಲ್ಲದ ತೊಂದರೆಗಳಿಗೆ ಬರೋಣ. ನನಗೆ ಹೆದರಿಕೆ ಇರುವುದು ಇವುಗಳದ್ದೇ. ನೋಯುವ ಕಣ್ಣಿಗೆ ಜನ ತಾವಾಗಿ ಉಪಚಾರ ಮಾಡಿಕೊಳ್ಳುತ್ತಾರೆ, ನೋಯದ್ದನ್ನು ಸುಮ್ನೆ ಬಿಟ್ಟು ಮುಂದೆ ನಡೆಯುತ್ತಾರೆ.

ಇಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು.

ಒಂದೇ ಕಣ್ಣಿನಲ್ಲಿ, ನೋಡುವ ಜಾಗದ ನಟ್ಟನಡುವೆ ಕಲೆ ಇದ್ದರೆ ಅದು ರೆಟಿನಾದ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರ) ರಕ್ತಸ್ರಾವ ಇರಬಹುದು. 5,500 ಮೀಟರಿನಲ್ಲಿ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಅದನ್ನು ಸರಿದೂಗಿಸಲು ರೆಟಿನಾದ ರಕ್ತನಾಳಗಳು ಹಿಗ್ಗುತ್ತವೆ, ಹಾವಿನಂತೆ ಸುರುಳಿಯಾಗುತ್ತವೆ, ಕೆಲವು ಕಡೆ ಸೋರುತ್ತವೆ. ತುಂಬಾ ಎತ್ತರ ಏರಿದ ಎಷ್ಟೋ ಜನರಿಗೆ ಹೀಗಾಗಿರುತ್ತದೆ, ಗೊತ್ತೇ ಇರುವುದಿಲ್ಲ. ಕಲೆ ಕಾಣುವುದು ನಡುವಿನ ಸೂಕ್ಷ್ಮ ಜಾಗದಲ್ಲಿ ಸೋರಿದಾಗ ಮಾತ್ರ. ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಇಂಗಿಹೋಗುತ್ತದೆ. ಆದರೆ ಕಲೆ ಕಂಡ ಮೇಲೆ ಆ ಸಲಕ್ಕೆ ಮೇಲೆ ಹತ್ತುವ ಮಾತೇ ಇಲ್ಲ.

ಎರಡು ಕಾಣುತ್ತಿದ್ದು, ಒಂದು ಕಣ್ಣು ಮುಚ್ಚಿದ ತಕ್ಷಣ ಒಂದೇ ಆದರೆ? ಆಗ ತಪ್ಪು ಕಣ್ಣುಗುಡ್ಡೆಯದ್ದಲ್ಲ, ಎರಡೂ ಕಣ್ಣನ್ನು ಒಟ್ಟಿಗೆ ತಿರುಗಿಸುವ ವ್ಯವಸ್ಥೆಯದ್ದು. ಮಿದುಳು ಊದಿಕೊಳ್ಳುತ್ತಿರಬಹುದು. ಜೊತೆಗೆ ತಲೆನೋವು, ವಾಂತಿ, ಕುಡಿದವರಂತೆ ತೂರಾಡುವುದು ಇದೆಯಾ ನೋಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಹೇಳಿ. ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಕೆಳಗಿಳಿಸಿ, ಒಬ್ಬರನ್ನೇ ಕಳಿಸಬೇಡಿ, ಆಮ್ಲಜನಕ ಇದ್ದರೆ ಕೊಡಿ. ಎರಡೂ ಕಣ್ಣಿಗೆ ಒಟ್ಟಿಗೆ ಕತ್ತಲು ಕವಿದರೂ ಇದೇ ಮಾತು. ಮಿದುಳಿನ ನೋಡುವ ಭಾಗ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ, ಆಮ್ಲಜನಕ ಕೊಟ್ಟಾಗ ಮರಳಿದ ಉದಾಹರಣೆಗಳಿವೆ. ಅಂಕುಡೊಂಕು ಹೊಳೆಯುವ ಗೆರೆ ಬಂದು ಅರ್ಧ ಗಂಟೆಯಲ್ಲಿ ಹೋದರೆ ಮೈಗ್ರೇನ್ ಇರಬಹುದು. ಆದರೆ ಜೀವನದಲ್ಲಿ ಮೊದಲ ಸಲ ಅದು ಬಂದದ್ದು 4,000 ಮೀಟರ್ ಮೇಲೆ ಅಂದರೆ ನಾನಂತೂ ಮೈಗ್ರೇನ್ ಅಂತ ನಂಬಿ ಕೂರುವುದಿಲ್ಲ.

ಕನ್ನಡಕದ ಕಾಟ ತಪ್ಪಿಸಲು ಆಪರೇಷನ್ ಮಾಡಿಸಿಕೊಂಡವರ ಕಥೆ ಬೇರೆ. ಕಾರ್ನಿಯಾಕ್ಕೆ ರಕ್ತನಾಳವೇ ಇಲ್ಲ, ಅದು ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದಲೇ ಹೀರುತ್ತದೆ. ಗಾಳಿ ತೆಳುವಾದರೆ ಸ್ವಲ್ಪ ಊದುತ್ತದೆ. ಹಿಂದೆ ಚಕ್ರದ ಅರೆಗಳಂತೆ ಕಾರ್ನಿಯಾದ ಮೇಲೆ ಗೀರು ಹಾಕುವ ಆಪರೇಷನ್ ಇತ್ತು. ಆ ಗೀರಿನ ಜಾಗ ಊದಿ ಕಾರ್ನಿಯಾದ ಆಕಾರವೇ ಬದಲಾಗುತ್ತದೆ. 1996ರ ಮೇ 10ರಂದು ಅಮೆರಿಕದ ಡಾಕ್ಟರ್ ಬೆಕ್ ವೆದರ್ಸ್ ಎವರೆಸ್ಟ್ ತುದಿಯ ದಾರಿಯಲ್ಲಿ ಕಣ್ಣು ಕಾಣದೆ ಗಂಟೆಗಟ್ಟಲೆ ನಿಂತದ್ದು ಇದರಿಂದಲೇ. ಸಂಜೆ ಬಿರುಗಾಳಿ ಬಂತು. ಸತ್ತರು ಅಂತ ಬಿಟ್ಟುಹೋದ ಮೇಲೆ ತಾವೇ ಎದ್ದು ನಡೆದು ಬಂದರು, ಆದರೆ ಬಲಗೈಯ ಮುಂಭಾಗ, ಮೂಗು ಹಿಮಕ್ಕೆ ಹೋದವು. ಈಗಿನ ಲೇಸರ್ ಆಪರೇಷನ್ ಲ್ಯಾಸಿಕ್ ಇಷ್ಟು ಕೆಟ್ಟದ್ದಲ್ಲ, ತುಂಬಾ ಎತ್ತರದಲ್ಲಿ ಸ್ವಲ್ಪ ಮಸುಕಾದೀತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗುವುದು ಮಾತ್ರ ಬೇಡ. ಇರುವ ಸ್ವಲ್ಪ ಗಾಳಿಗೂ ಮುಚ್ಚಳ ಹಾಕಿದ ಹಾಗೆ.

ಮಾತ್ರೆಗಳನ್ನೂ ನೆನಪಿಡಿ. ಎತ್ತರದ ಕಾಯಿಲೆ ಬಾರದಿರಲಿ ಅಂತ ನುಂಗುವ ಡಯಾಮಾಕ್ಸ್ ಅಪರೂಪಕ್ಕೆ ದೂರದ್ದನ್ನು ಮಸುಕು ಮಾಡುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬದಿರಲಿ ಅಂತ ಕೆಲವರಿಗೆ ಕೊಡುವ ಸಿಲ್ಡೆನಾಫಿಲ್‌ನಿಂದ ಎಲ್ಲ ನೀಲಿ ನೀಲಿಯಾಗಿ ಕಾಣಬಹುದು.

ಹೆದರಬೇಕಾಗಿಲ್ಲದ್ದೂ ಇವೆ. ಗಾಢ ನೀಲಿ ಆಕಾಶ ನೋಡುವಾಗ ಸಣ್ಣ ಹೊಳೆವ ಚುಕ್ಕೆಗಳು ಗೊದಮೊಟ್ಟೆಗಳಂತೆ ಸರ್‍ರನೆ ಓಡಿ ಮಾಯವಾಗುತ್ತವಲ್ಲ, ಅವು ನಿಮ್ಮದೇ ರೆಟಿನಾದ ನಾಳಗಳಲ್ಲಿ ಸಾಗುವ ಬಿಳಿ ರಕ್ತಕಣಗಳ ಗುರುತು. ಬೆಂಗಳೂರಿನಲ್ಲೂ ಕಾಣುತ್ತವೆ, ಅಷ್ಟು ಹೊತ್ತು ಆಕಾಶ ನೋಡುವವರು ಯಾರು? ರಾತ್ರಿ ದಾರಿ ಮಬ್ಬಾಗುವುದೂ ಸಹಜ. ಕತ್ತಲಲ್ಲಿ ನೋಡುವ ಜೀವಕೋಶಗಳಿಗೆ ಆಮ್ಲಜನಕ ಜಾಸ್ತಿ ಬೇಕು, 1,500 ಮೀಟರ್ ದಾಟಿದಾಗಲೇ ಅವು ಸ್ವಲ್ಪ ಸೋಲುತ್ತವೆ. ಅಂದರೆ 1,930 ಮೀಟರಿನ ನಮ್ಮ ಮುಳ್ಳಯ್ಯನಗಿರಿಯಲ್ಲೂ ಲೆಕ್ಕಕ್ಕೆ ಇದೆ, ಗಮನಕ್ಕೆ ಬರುವುದು ಕಷ್ಟ.

ಇನ್ನು ಇಲ್ಲದ್ದೇ ಕಾಣುವುದು. 1933ರಲ್ಲಿ ಫ್ರಾಂಕ್ ಸ್ಮೈತ್ ಎವರೆಸ್ಟಿನಲ್ಲಿ ಒಬ್ಬರೇ ಇದ್ದಾಗ ಆಕಾಶದಲ್ಲಿ ಎರಡು ಕಪ್ಪು ವಸ್ತು ತೇಲುತ್ತಾ ಮಿಡಿಯುವುದನ್ನು ಕಂಡರು. ತಲೆ ನೆಟ್ಟಗಿದೆಯಾ ಅಂತ ಪರೀಕ್ಷಿಸಲು ಬೇರೆ ಕಡೆ ತಿರುಗಿ ಸುತ್ತಲಿನ ಶಿಖರಗಳ ಹೆಸರು ಹೇಳಿಕೊಂಡರು. ಎಲ್ಲ ಸರಿಯಾಗಿ ನೆನಪಿತ್ತು. ತಿರುಗಿ ನೋಡಿದರೆ ಅವು ಅಲ್ಲೇ ಇದ್ದವು! ಅಂದರೆ ‘ನನಗೇನೂ ಆಗಿಲ್ಲ, ತಲೆ ಸರಿಯಾಗೇ ಇದೆ’ ಅನ್ನುವ ಗೆಳೆಯನ ಮಾತನ್ನು ಅಷ್ಟು ಎತ್ತರದಲ್ಲಿ ಪೂರ್ತಿ ನಂಬುವ ಹಾಗಿಲ್ಲ.

ಕೊನೆಗೆ ಡಾಕ್ಟರ್ ವಿಚಾರ. ರಾತ್ರಿ ಉರಿದು ಮೂರು ದಿನದಲ್ಲಿ ಪೂರ್ತಿ ಸರಿಹೋದ ಕಣ್ಣಿಗೆ ಓಡಬೇಕಾಗಿಲ್ಲ. ಕಲೆ, ಎರಡು ಕಾಣುವುದು, ಕತ್ತಲು ಕವಿಯುವುದು, ಇವು ಹತ್ತು ನಿಮಿಷ ಇದ್ದು ಹೋಗಿದ್ದರೂ ತೋರಿಸಲೇಬೇಕು. ಎಷ್ಟು ಎತ್ತರ, ಎಷ್ಟು ಹೊತ್ತು, ಯಾವ ಕಣ್ಣು ಅಂತ ಬರೆದುಕೊಂಡು ಹೋಗಿ. ಹನಿ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡುತ್ತಾರೆ, ಆಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಬೈಕ್ ತೆಗೆದುಕೊಂಡು ಹೋಗಬೇಡಿ.